ಮೇಡಂ ಏನೂ ಹೇಳಲಿಲ್ಲ

ಬಾಗಿಲ ಮುಂದೆ ರಾಶಿ ಬಿದ್ದಿದ್ದ ಚಪ್ಪಲಿಗಳನ್ನು ದಾಟಲು ಕಾಲೆತ್ತಿದ ಸರ್ವೆ ಮೇಡಂ, ಎತ್ತಿದ ಕಾಲನ್ನು ಹಾಗೇ ಹಿಂದಕ್ಕಿಟ್ಟಳು. ಹನ್ನೊಂದು ವರ್ಷದಿಂದ ಬರುತ್ತಿದ್ದ ಫ್ರಿಜ್ ರಿಪೇರಿ ಮೇಸ್ತ್ರಿಯ ಮನೆ. ಇಲ್ಲಿ ಒಂದು ಜೊತೆ ಚಪ್ಪಲಿಗಿಂತ ಹೆಚ್ಚು ಕಂಡದ್ದೇ ಇಲ್ಲ. ಒಳಗೆ ಯಾರೋ ಮೂಗು ಸೀಟಿದರು. ಇನ್ನು ಕೇಳುವುದೇನು ಬಂತು, ಗೊತ್ತಾಗಿಹೋಯಿತು. ಫೈಲನ್ನು ಎದೆಗೆ ಅವುಚಿಕೊಂಡಳು.

ಮೇಸ್ತ್ರಿಯ ಥರದ್ದೇ ಮೂಗಿದ್ದ ಒಬ್ಬಾತ ಹೊರಗೆ ಬಂದ. ತಮ್ಮನಿರಬೇಕು.

"ಯಾವ ಆಫೀಸಿಂದ ಬಂದ್ರಿ?"

"ಸರ್ವೆಯಿಂದ ಸರ್. ಜನರ ಅಭಿಪ್ರಾಯ ಕೇಳ್ತೀವಲ್ಲ, ಅದು. ಅವರ ಹತ್ರ ವರ್ಷಕ್ಕೊಂದ್ಸಲ ಬರ್ತಿದ್ದೆ."

"ಅಣ್ಣ ನಿನ್ನೆ ಮಧ್ಯಾಹ್ನ ಹೋಗ್ಬಿಟ್ಟ. ಹಿಂದ್ಗಡೆ ವರ್ಕ್‌ಶಾಪ್‌ನಲ್ಲೇ, ಸ್ಟೂಲ್ ಮೇಲೆ ಕೂತಿದ್ದ ಹಾಗೇ. ಬಿಸಿಲು ತಡೀಲಿಲ್ಲ ಅಂದ್ರು ಡಾಕ್ಟ್ರು." ಅವಳ ಫೈಲಿನ ಕಡೆ ನೋಡಿ ಕೇಳಿದ: "ಅವನ ಹತ್ರ ಏನ್ ಕೇಳ್ತಿದ್ರಿ?"

"ಅದನ್ನ ಹೇಳೋ ಹಾಗಿಲ್ಲ ಸರ್."

ಇಂಥ ಹೊತ್ತಿಗೂ ಒಂದು ನಿಯಮವಿದೆ. ಮೊದಲ ಪುಟದಲ್ಲಿ 'ತೀರಿಕೊಂಡಿದ್ದಾರೆ' ಎಂಬ ಚೌಕಕ್ಕೆ ಗೆರೆ ಎಳೆದು, ಮನೆಯವರಿಗೆ ನಮಸ್ಕಾರ ಹೇಳಿ ಹೊರಡಬೇಕು. ಅವಳು ಹೊರಡಲಿಲ್ಲ. ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತುಬಿಟ್ಟಳು.

ಫ್ರಿಜ್ ಮೇಸ್ತ್ರಿ ಬಾಡಿಗೆಯ ಫ್ರೀಜರ್ ಪೆಟ್ಟಿಗೆಯೊಳಗೆ ಮಲಗಿದ್ದ. ಹೋದ ತಿಂಗಳು ಈ ಪೆಟ್ಟಿಗೆಯನ್ನು ಅವನೇ ರಿಪೇರಿ ಮಾಡಿದ್ದನಂತೆ, ಚೆನ್ನಾಗಿಯೇ ಓಡುತ್ತಿತ್ತು. ಇದ್ದವರೆಲ್ಲ ಸೇರಿ ಏಳೆಂಟು ಜನ. ಅಳುವಷ್ಟು ಹತ್ತಿರದವರು ಯಾರೂ ಇರಲಿಲ್ಲ, ಹಾಗಾಗಿ ಮಾತು ಬಿಸಿಲಿನ ಕಡೆ ಹೊರಳಿತು.

"ಇಂಥಾ ಬಿಸಿಲು ನಾನು ಹುಟ್ಟಿದಾಗಿಂದ ಕಂಡಿಲ್ಲ" ಎಂದ ಮನೆ ಓನರ್.

"ಹೋದ ವರ್ಷಾನೂ ಹೀಗೇ ಅಂದಿದ್ವಿ. ಬರುತ್ತೆ, ಹೋಗುತ್ತೆ" ಎಂದ ತಮ್ಮ.

"ಹೋಗೋದೆಲ್ಲಿ ಬಂತು ಅಣ್ಣ" ಎಂದಳು ಪಕ್ಕದ ಮನೆಯ ಟೈಲರಮ್ಮ. "ಇದ್ದಬದ್ದ ಮರಾನೆಲ್ಲ ಕಡಿದು ಹಾಕಿದ್ವಿ. ಇನ್ನು ಯಾರ್ ಬಂದ್ರೂ ಸರಿ ಮಾಡಕ್ಕಾಗಲ್ಲ."

"ಓದಿದೋರು ಏನಾದ್ರೂ ಕಂಡುಹಿಡೀತಾರೆ ಬಿಡಿ" ಎಂದಳು ತಮ್ಮನ ಹೆಂಡತಿ. "ನಾವ್ಯಾಕೆ ತಲೆ ಕೆಡಿಸ್ಕೋಬೇಕು?"

ಸರ್ವೆ ಮೇಡಂ ತನಗೇ ತಿಳಿಯದಂತೆ ಮನಸ್ಸಿನಲ್ಲೇ ಗೆರೆ ಎಳೆಯುತ್ತ ಹೋದಳು. ಓನರ್, 'ಬಿಸಿ ಹೆಚ್ಚಾಗಿದೆ'. ತಮ್ಮ, 'ಸಹಜ ಬದಲಾವಣೆ'. ಟೈಲರಮ್ಮ, 'ಸರಿಪಡಿಸಲಾಗದು'. ತಮ್ಮನ ಹೆಂಡತಿ, 'ಬೇರೆಯವರು ಸರಿಪಡಿಸುತ್ತಾರೆ'. ಹೆಣದ ಮುಂದೆ ಕೂತು ಇದೇನು ಮಾಡುತ್ತಿದ್ದೇನೆ ಎಂದು ನಾಚಿಕೆಯಾಯಿತು.

"ನೀವು ಊರೆಲ್ಲ ಸುತ್ತೋರು. ನೀವೇನಂತೀರಿ ಮೇಡಂ?" ಓನರ್ ಅವಳ ಕಡೆ ತಿರುಗಿದ.

"ನಾನು ಹೇಳೋ ಹಾಗಿಲ್ಲ ಸರ್."

ಬಾಯಿಪಾಠದ ಮಾತು ತಾನಾಗಿ ಹೊರಬಂತು. ಗಾಜಿನ ಕೆಳಗಿನ ಮುಖವನ್ನು ಅವಳು ನೋಡಲಾರದೆ ಹೋದಳು.

*

ಮೊದಲ ವರ್ಷ ಅವಳು ಬಂದಾಗ ಮೇಸ್ತ್ರಿ ಒಂದು ಫ್ರಿಜ್ಜಿನ ಬೆನ್ನು ಬಿಚ್ಚಿಕೊಂಡು ಕೂತಿದ್ದ. ಕೊಳವೆ ಕತ್ತರಿಸಿ ಹಳೇ ಗ್ಯಾಸನ್ನು ಬುಸ್ಸೆಂದು ಗಾಳಿಗೆ ಬಿಟ್ಟು, ಕೈ ಒರೆಸಿಕೊಂಡು, "ಕೇಳಿ" ಎಂದ. ಭೂಮಿ ಬಿಸಿಯಾಗಲು ಮನುಷ್ಯರ ಕೆಲಸ ಎಷ್ಟರ ಮಟ್ಟಿಗೆ ಕಾರಣ ಎಂದು ಅವಳು ಓದಿದಳು.

"ಈಗ ಬಿಟ್ನಲ್ಲ, ಈ ಗ್ಯಾಸೂ ಲೆಕ್ಕಕ್ಕೆ ಬರುತ್ತಾ?"

ಬರುತ್ತದೆಂದು ಅವಳಿಗೆ ಗೊತ್ತಿತ್ತು. "ಪ್ರಶ್ನೆ ಇನ್ನೊಂದ್ಸಲ ಓದ್ತೀನಿ ಸರ್" ಎಂದಳು.

ಅವಳ ಕೆಲಸವೇ ಹಾಗೆ. ತಲೆಯಾಡಿಸಬಾರದು, ಹುಬ್ಬೇರಿಸಬಾರದು, 'ಹೌದಾ' ಅನ್ನಬಾರದು. ಕೇಳುವವರ ಮುಖ ನೋಡಿ ಜನ ಉತ್ತರ ಬದಲಾಯಿಸುತ್ತಾರಂತೆ. ಇಪ್ಪತ್ತು ವರ್ಷ ಹಾಗೆ ಮಾಡಿ ಮಾಡಿ ಮುಖ ಬಿಳಿ ಹಾಳೆಯಂತಾಗಿತ್ತು. ಗಂಡ ಬಿಟ್ಟುಹೋಗುವಾಗಲೂ, "ನಿಂಗೆ ಯಾವತ್ತಾದ್ರೂ ಏನಾದ್ರೂ ಅನ್ಸುತ್ತಾ?" ಎಂದು ಕೇಳಿಯೇ ಹೋಗಿದ್ದ.

ಎರಡನೇ ವರ್ಷ ವರ್ಕ್‌ಶಾಪಿನ ಗೋಡೆಗೆ ಒರಗಿಸಿದ ಒಂದು ನೀಲಿ ಸಿಲಿಂಡರ್ ಇತ್ತು.

"ಒಬ್ಬ ಇಂಜಿನಿಯರನ್ನ ಕೇಳ್ದೆ ಮೇಡಂ. ಇಷ್ಟನ್ನ ಗಾಳಿಗೆ ಬಿಟ್ರೆ ಒಂದು ಕಾರು ನಾಲ್ಕು ವರ್ಷ ಓಡಿದ ಹಾಗಂತೆ. ಮೂವತ್ತು ವರ್ಷ ಬಿಟ್ಟಿದೀನಿ. ಇನ್ಮೇಲೆ ಬಿಡಲ್ಲ."

ಹಳೇ ಫ್ರಿಜ್ಜಿನ ಕಂಪ್ರೆಸರ್ ಒಂದನ್ನು ತಿರುವುಮುರುವು ಜೋಡಿಸಿ, ರಿಪೇರಿಗೆ ಬಂದದ್ದರ ಗ್ಯಾಸನ್ನೆಲ್ಲ ಸಿಲಿಂಡರಿಗೆ ಎಳೆದುಕೊಳ್ಳುತ್ತಿದ್ದ. ತೆಗೆದುಕೊಳ್ಳುವವರು ಯಾರೂ ಸಿಗಲಿಲ್ಲ. ಮೂರು ಕಂಪನಿಗೆ ಕಾಗದ ಬರೆದರೂ ಉತ್ತರ ಬರಲಿಲ್ಲ. "ಇರ್ಲಿ, ನನ್ ಹತ್ರಾನೇ ಬಿದ್ದಿರ್ಲಿ" ಎಂದ. ಶೇವಿಂಗ್ ಬ್ರಷ್ಷಿನಿಂದ ವಾಲ್ವಿಗೆ ಸೋಪಿನ ನೊರೆ ಹಚ್ಚಿ ತೋರಿಸಿದ. "ಗುಳ್ಳೆ ಎದ್ರೆ ಸೋರ್ತಿದೆ ಅಂತ. ಎರಡು ನಿಮಿಷ ನೋಡ್ಬೇಕು, ಅವಸರ ಮಾಡ್ಬಾರ್ದು."

ವರ್ಷಕ್ಕೊಂದು ಸಿಲಿಂಡರ್ ಹೆಚ್ಚುತ್ತ ಹೋಯಿತು. ಕೊನೆಯ ಪ್ರಶ್ನೆ ಮಾತ್ರ ಪ್ರತಿ ವರ್ಷ ಅದೇ: 'ಭೂಮಿಯ ಬಿಸಿಯನ್ನು ಹಿಂದಕ್ಕೆ ತಿರುಗಿಸಬಹುದು ಎಂದು ನಿಮಗೆ ಅನ್ನಿಸುತ್ತದೆಯೇ?' ಒಂದು ವರ್ಷ ಅವನು 'ಆಗಲ್ಲ' ಅನ್ನುತ್ತಿದ್ದ, ಇನ್ನೊಂದು ವರ್ಷ 'ಸ್ವಲ್ಪ ಮಟ್ಟಿಗೆ'. ಉತ್ತರ ಕೊಟ್ಟು ಚಹಾ ಲೋಟ ಅವಳ ಕಡೆ ಸರಿಸಿ, "ನಾನು ಹೇಳಿದ್ದಾಯ್ತು. ಈಗ ನೀವು ಹೇಳಿ" ಎನ್ನುತ್ತಿದ್ದ.

"ನಾನು ಹೇಳೋ ಹಾಗಿಲ್ಲ ಸರ್."

"ಒಬ್ನೇ ಎಷ್ಟು ಅಂತ ಮಾತಾಡ್ಲಿ ಮೇಡಂ? ಸರಿ ಬಿಡಿ, ಮುಂದಿನ್ ವರ್ಷ ಕೇಳ್ತೀನಿ."

ಅವಳು ಒಂದು ಧನ್ಯವಾದದ ಕಾರ್ಡು ಕೊಟ್ಟು ಎದ್ದು ಬರುತ್ತಿದ್ದಳು. ಬಸ್ಸಿನಲ್ಲಿ ಕೂತ ಮೇಲೆ ಎಷ್ಟೋ ಸಲ ಉತ್ತರ ನಾಲಿಗೆಯ ತುದಿಗೆ ಬರುತ್ತಿತ್ತು. ಪಕ್ಕದಲ್ಲಿ ಕೇಳುವವರು ಇರುತ್ತಿರಲಿಲ್ಲ.

*

ಹನ್ನೊಂದು ಗಂಟೆಗೆ ವ್ಯಾನು ಬಂದು ಮೇಸ್ತ್ರಿಯನ್ನು ಕರೆದುಕೊಂಡು ಹೋಯಿತು. ಕಳಿಸಲು ಹೋದ ಗಂಡಸರು ಎರಡು ಗಂಟೆಗೆಲ್ಲ ಮುಗಿಸಿ ಬಂದರು. ಮೇಡಂ ಇನ್ನೂ ಅದೇ ಕುರ್ಚಿಯಲ್ಲಿದ್ದಳು. ಇವಳ್ಯಾರು, ಎದ್ದು ಹೋಗುವ ಹಾಗೇ ಕಾಣುವುದಿಲ್ಲವಲ್ಲ ಎಂದು ತಮ್ಮನ ಹೆಂಡತಿ ಎರಡು ಸಲ ಇಣುಕಿ ನೋಡಿದಳು.

ಆಗ ಹಿಂದಿನಿಂದ ಕಬ್ಬಿಣ ಉರುಳಿಸಿದ ಸದ್ದು ಕೇಳಿತು. ಮೇಡಂ ಎದ್ದು ಹೋದಳು.

ವರ್ಕ್‌ಶಾಪಿನಲ್ಲಿ ತಮ್ಮ, ಓನರ್, ಗುಜರಿಯವನು ಮೂವರೂ ನಿಂತಿದ್ದರು. ಹನ್ನೊಂದು ನೀಲಿ ಸಿಲಿಂಡರ್. ಪ್ರತಿಯೊಂದರ ಕುತ್ತಿಗೆಗೂ ದಾರ ಕಟ್ಟಿ ಒಂದು ಕಾರ್ಡು ತೂಗುಬಿಟ್ಟಿತ್ತು. ಅವಳು ಕೊಟ್ಟ ಕಾರ್ಡುಗಳೇ.

"ಒಳಗೆ ಗ್ಯಾಸ್ ಇಟ್ಕೊಂಡು ನಾನು ಒಯ್ಯಲ್ಲ ಸಾರ್" ಎನ್ನುತ್ತಿದ್ದ ಗುಜರಿಯವನು. "ಕತ್ತರಿಸುವಾಗ ಸಿಡಿದ್ರೆ ನನ್ನ ಕೈಯೇ ಹೋಗುತ್ತೆ."

"ಬಿಟ್ಬಿಡಪ್ಪ. ಗಾಳಿಗೆ ತಾನೆ?" ಎಂದ ತಮ್ಮ. "ಸಂಜೆಯೊಳಗೆ ಇವ್ರಿಗೆ ಜಾಗ ಖಾಲಿ ಮಾಡ್ಕೊಡ್ಬೇಕು."

ಗುಜರಿಯವನು ಮೊದಲ ವಾಲ್ವಿಗೆ ಸ್ಪ್ಯಾನರ್ ಹಾಕಿದ.

"ಬಿಡ್ಬೇಡಿ."

ಯಾರು ಹೇಳಿದರು ಎಂದು ಅವಳೇ ಒಂದು ಕ್ಷಣ ತಡಬಡಿಸಿದಳು. ಮೂವರೂ ತಿರುಗಿದರು.

"ಅದು ಹೊರಗೆ ಹೋಗ್ಬಾರ್ದು ಅಂತಾನೇ ಅವರು ಹಿಡಿದಿಟ್ಟಿದ್ದು. ಅದರಿಂದ ಬಿಸಿ ಹೆಚ್ಚಾಗುತ್ತೆ. ಹನ್ನೊಂದು ವರ್ಷದಿಂದ ಒಂದ್ಸಲಾನೂ ಬಿಟ್ಟಿಲ್ಲ ಅವರು."

ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ದಾಟಿಸಿಬಿಟ್ಟಿದ್ದಳು. ಆಫೀಸಿಗೆ ಗೊತ್ತಾದರೆ ಕೆಲಸ ಹೋಗುತ್ತದೆ. ಆದರೂ ಅಲ್ಲಿಂದ ಕದಲಲಿಲ್ಲ.

ತಮ್ಮ ಸಿಲಿಂಡರುಗಳನ್ನೇ ನೋಡುತ್ತಿದ್ದ. "ನಂಗೊಂದು ಮಾತೂ ಹೇಳಿಲ್ಲ ಅವ್ನು" ಎಂದ. ಆಮೇಲೆ, "ನಾನೂ ಕೇಳ್ಲಿಲ್ಲ ಬಿಡಿ" ಎಂದ. ಮುಖ ಒರೆಸಿಕೊಂಡು ಅವಳ ಕಡೆ ತಿರುಗಿದ. "ಈ ಊರಲ್ಲೇ ಎಷ್ಟು ಸಾವಿರ ಫ್ರಿಜ್ಜಿದಾವೆ. ಈ ಹನ್ನೊಂದನ್ನ ಹಿಡಿದಿಟ್ರೆ ಬಿಸಿಲು ಹಿಂದಕ್ಕೆ ಹೋಗುತ್ತಾ? ನೀವೇ ಹೇಳಿ ಮೇಡಂ."

"ಹೋಗಲ್ಲ ಸರ್. ಇಷ್ಟರಿಂದ ಏನೂ ಆಗಲ್ಲ."

"ಮತ್ತೆ?"

"ಆದ್ರೂ ಬಿಡೋದು ಬೇಡ."

"ಮೇಡಂ, ನಂಗೆ ಜಾಗ ಬೇಕು" ಎಂದ ಓನರ್, ಮೆಲ್ಲಗೆ.

"ನಮ್ಮನೆಗೆ ಹಾಕ್ಸಿ" ಎಂದಳು ಅವಳು.

*

ಅವಳದು ಕೆಳಗಿನ ಮಹಡಿಯಲ್ಲಿ ಒಂದೇ ಕೋಣೆ. ಗುಜರಿಯವನು ಮಂಚವನ್ನು ಕಿಟಕಿಗೆ ಒತ್ತರಿಸಿ, ಹನ್ನೊಂದನ್ನೂ ಗೋಡೆಗುಂಟ ನಿಲ್ಲಿಸಿದ. "ಇವನ್ನ ಇಟ್ಕೊಂಡು ಏನ್ ಮಾಡ್ತೀರಮ್ಮ?" ಎಂದು ಕೇಳಿದ. "ನೋಡ್ಕೋತೀನಿ" ಎಂದಳು. ಸ್ಪ್ಯಾನರನ್ನು ಅಲ್ಲೇ ಬಿಟ್ಟು ಹೋದ.

ಅವನು ಹೋದ ಮೇಲೆ ಅವಳು ಕಾರ್ಡುಗಳನ್ನು ಒಂದೊಂದಾಗಿ ತಿರುಗಿಸಿದಳು. ಪ್ರತಿಯೊಂದರ ಹಿಂದೆಯೂ ವರ್ಷ, ಸಿಲಿಂಡರಿನ ತೂಕ. ಅದರ ಕೆಳಗೆ ಮೇಸ್ತ್ರಿಯ ದುಂಡು ಅಕ್ಷರದಲ್ಲಿ ಎರಡು ಸಾಲು.

'ನಾನು: ಆಗಲ್ಲ. ಮೇಡಂ: ಹೇಳಲಿಲ್ಲ.'

'ನಾನು: ಸ್ವಲ್ಪ ಮಟ್ಟಿಗೆ. ಮೇಡಂ: ಹೇಳಲಿಲ್ಲ.'

ಹನ್ನೊಂದರಲ್ಲೂ ಎರಡನೇ ಸಾಲು ಒಂದೇ. ಅವಳು ಸಿಲಿಂಡರುಗಳ ನಡುವೆ ನೆಲದ ಮೇಲೆ ಕೂತು ಅತ್ತಳು. ನೋಡುವವರಿಲ್ಲದ್ದರಿಂದ ಮುಖ ಹೇಗಿದೆಯೆಂದು ಯೋಚಿಸಲಿಲ್ಲ.

ಕಿಟಕಿಯಲ್ಲಿ ಬಿಸಿಲು ಇಳಿಯುವ ಹೊತ್ತಿಗೆ ಎದ್ದು, ಮಗ್ಗಿನಲ್ಲಿ ಬಟ್ಟೆ ಸೋಪು ಕದಡಿದಳು. ಬ್ರಷ್ ಇರಲಿಲ್ಲ, ಬೆರಳಿನಿಂದಲೇ ನೊರೆ ಹಚ್ಚಿದಳು. ಒಂದೊಂದು ವಾಲ್ವಿನ ಮುಂದೆಯೂ ಎರಡೆರಡು ನಿಮಿಷ ಮಂಡಿಯೂರಿ ಕೂತಳು. ಏಳನೆಯದರಲ್ಲಿ ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಎದ್ದಿತು. ಸ್ಪ್ಯಾನರ್ ಹಾಕಿ ಬಿಗಿದಳು. ಮತ್ತೆ ಎದ್ದಿತು. ಎರಡೂ ಕೈ ಕೊಟ್ಟು, ಹಲ್ಲು ಕಚ್ಚಿ ಬಿಗಿದಳು. ನೊರೆ ಸುಮ್ಮನಾಯಿತು.

ಚೀಲದಲ್ಲಿ ಈ ವರ್ಷ ಕೊಡಬೇಕಿದ್ದ ಕಾರ್ಡು ಉಳಿದಿತ್ತು. ಹಿಂದೆ ತಿರುಗಿಸಿ, ಮೇಲೆ ವರ್ಷ ಬರೆದಳು. 'ನಾನು:' ಎಂದು ಬರೆದು ಅವನ ಜಾಗವನ್ನು ಖಾಲಿ ಬಿಟ್ಟಳು. ಅದರ ಕೆಳಗೆ ಬರೆದಳು: 'ಮೇಡಂ: ಗೊತ್ತಿಲ್ಲ. ಒಂದು ಸೋರುತ್ತಿತ್ತು, ನಿಲ್ಲಿಸಿದೆ.'

ಅದನ್ನು ಏಳನೆಯದರ ಕುತ್ತಿಗೆಗೆ ಕಟ್ಟಿ, ಬೆರಳು ನೊರೆಗೆ ಅದ್ದಿ, ಮತ್ತೆ ಮೊದಲನೆಯದರ ಮುಂದೆ ಕೂತಳು.