ಬ್ಯಾನರಿನ ತಾರೀಖು

ಚಹಾ ಉಕ್ಕುವ ಹೊತ್ತಿಗೆ ಸತ್ತವನ ಫೋನು ರಿಂಗಾಯಿತು. ಶಿವಗಣಾರಾಧನೆಗೆ ಬಂದ ನೆಂಟರೆಲ್ಲ ಹಿಂದಿನ ಸಂಜೆಯೇ ಕಮಲಾಪುರ ಬಿಟ್ಟಿದ್ದರು. ಸ್ಫೂರ್ತಿ ಒಲೆ ಆರಿಸಿ ಪಡಸಾಲೆಗೆ ಬರುವಷ್ಟರಲ್ಲಿ ಅತ್ತೆ ನೀಲಗಂಗಮ್ಮ ಫೋನೆತ್ತಿದ್ದರು. ಮಗನ ಫೋನನ್ನು ಅವರು ದಿನವೂ ಚಾರ್ಜಿಗೆ ಹಾಕಿ, ಸೆರಗಿನಿಂದ ಒರೆಸಿಡುತ್ತಿದ್ದರು.

"ಬ್ಯಾಂಕಿನವ್ರವ್ವಾ. ವೀರೂನ ರೊಕ್ಕ ನಿನ್ನ ಹೆಸರಿಗೆ ಮಾಡ್ತಾರಂತ. ಪಾಪ, ಭಾಳ ಮರ್ಯಾದಿಲೆ ಮಾತಾಡ್ತಾನ."

ಸಂಡೂರಿನ ಗಣಿ ರಸ್ತೆಯಲ್ಲಿ ಓಡಿಸುತ್ತಿದ್ದ ಟಿಪ್ಪರ್ ಮಾರಿ ಗಂಡ ವೀರೇಶ್ ಇಟ್ಟ ಹಣವೆಲ್ಲ ಆ ಖಾತೆಯಲ್ಲಿತ್ತು. ಮನೆಗೆ ಇನ್ನು ಬೇರೆ ಆಧಾರವಿರಲಿಲ್ಲ.

ಮೈದುನ ಮಲ್ಲೇಶ್ ಫೋನು ಇಸಿದುಕೊಂಡು ಸ್ಪೀಕರಿಗೆ ಹಾಕಿದ. ಇಂಥ ಕೆಲಸಗಳಿಗೆಲ್ಲ ಅವನೇ ಮುಂದು. ಶ್ರದ್ಧಾಂಜಲಿಯ ಬ್ಯಾನರ್ ಮಾಡಿಸಿ, ಅದರ ಫೋಟೋವನ್ನು ಸಿಕ್ಕ ಸಿಕ್ಕ ಗ್ರೂಪಿಗೆಲ್ಲ ಕಳಿಸಿದವನೂ ಅವನೇ. ಸಂಪರ್ಕಕ್ಕೆಂದು ಹಾಕಿಸಿದ್ದು ವೀರೇಶನದೇ ನಂಬರು. ಊರಿಗೆಲ್ಲ ಗೊತ್ತಿರುವ ನಂಬರಂತೆ. ಕೆಳಗೆ ಶೋಕತಪ್ತರ ಸಾಲಿನಲ್ಲಿ ಕಪ್ಪು ಕನ್ನಡಕದ ಅವನ ಮುಖ, ಅಣ್ಣನ ಮುಖಕ್ಕಿಂತ ಬೆರಳಷ್ಟೇ ಚಿಕ್ಕದು. ಸ್ಫೂರ್ತಿಯ ಹೆಸರಿಗೆ ಜಾಗ ಸಾಲದೆ 'ಕುಟುಂಬ ವರ್ಗ' ಎಂದಾಗಿತ್ತು.

"ಮೃತರ ವಿವರ ಒಮ್ಮೆ ಖಚಿತಪಡಿಸ್ತೀನಿ ಸರ್," ಎಂದಿತು ಫೋನಿನ ದನಿ. "ವೀರೇಶ್ ಅವರು. ಜನನ, ಮೇ ಹದಿನಾಲ್ಕು."

"ನೋಡ್ರಿ ಅತ್ತಿಗಿ, ಹುಟ್ಟಿದ ತಾರೀಖೂ ಐತಿ ಅವ್ರ ಹತ್ರ!" ಮಲ್ಲೇಶ್ ಹಿಗ್ಗಿದ.

"ಈಗೊಂದು ಓಟಿಪಿ ಬಂದಿರುತ್ತೆ, ಓದಿ ಸರ್. ತಡವಾದ್ರೆ ಖಾತೆ ಬಂದ್ ಆಗುತ್ತೆ."

"ನಾಲ್ಕು, ಏಳು..." ಮಲ್ಲೇಶ್ ಓದತೊಡಗಿದ.

ವೀರೇಶ್ ಹುಟ್ಟಿದ್ದು ಮೇ ನಾಲ್ಕಕ್ಕೆ. ಹದಿನಾಲ್ಕು ಎಂದು ಇದ್ದದ್ದು ಬಾಗಿಲೆದುರಿನ ಕಂಬಕ್ಕೆ ಕಟ್ಟಿದ ಬ್ಯಾನರಿನಲ್ಲಿ ಮಾತ್ರ.

ಸ್ಫೂರ್ತಿ ಮಲ್ಲೇಶನ ಕೈಯಿಂದ ಫೋನು ಕಿತ್ತುಕೊಂಡಳು.

"ಬ್ಯಾನರ್ ಪೂರ್ತಿ ಓದಿಬಿಡಪ್ಪ. ಕೆಳಗ ಕಪ್ಪು ಕನ್ನಡಕದವನು ಅದಾನಲ್ಲ, ಅವನೇ ಈಗ ನಿನಗ ಓಟಿಪಿ ಹೇಳಾಕ ಹತ್ತಿದ್ದ. ಯಾರ ಮನ್ಯಾಗ ಹೆಣ ಬಿತ್ತು ಅಂತ ಹುಡುಕೋದು ಏನು, ನಿನ್ನ ನೌಕರಿ?"

ಆ ಕಡೆಯ ಮರ್ಯಾದೆ ಅಲ್ಲಿಗೆ ಮುಗಿಯಿತು. ಹಿಂದಿಯಲ್ಲೊಂದು ಬೈಗುಳ ಬಂತು, ಲೈನು ಕಟ್ಟಾಯಿತು.

"ಏನ್ ಬರೆಸಿದ್ದೀಲೇ?" ನೀಲಗಂಗಮ್ಮ ಕಿರಿಮಗನತ್ತ ತಿರುಗಿದರು. "ನಾಕನೇ ತಾರೀಖಲ್ಲೇನು ಅವ ಹುಟ್ಟಿದ್ದು?"

"ಹತ್ತು ದಿನ ಹೆಚ್ಚುಕಡಿಮಿ ಬೇ. ಯಾರು ನೋಡ್ತಾರ?"

"ನೋಡಿದ್ನಲ್ಲ, ಒಬ್ಬ," ಎಂದಳು ಸ್ಫೂರ್ತಿ.

ಅವಳು ಬ್ಯಾಂಕಿನ ಶಾಖೆಗೆ ಫೋನು ಮಾಡಿ ಸಾವಿನ ವಿಷಯ ತಿಳಿಸಿ, ಖಾತೆಯನ್ನು ತಡೆಹಿಡಿಸಿದಳು. ಆಮೇಲೆ ಚಾಕು ಹಿಡಿದು ಹೊರಗೆ ಬಂದಳು. ಗೋಡೆಗೆ ಏಣಿ ಒರಗಿತ್ತು. ನೀರಿನ ಟ್ಯಾಂಕ್ ತೊಳೆಯಲೆಂದು ವೀರೇಶ್ ಎದುರುಮನೆಯ ಸುಂಕಲಮ್ಮನಿಂದ ತಂದದ್ದು. ಮಲ್ಲೇಶ್ ಬ್ಯಾನರ್ ಕಟ್ಟಿದ್ದೂ ಅದನ್ನೇ ಹತ್ತಿ.

"ತಿಂಗಳಾದ್ರೂ ಇರ್ಲಿ ಅತ್ತಿಗಿ! ಮಂದಿ ಏನಂದಾರು?"

ಅವಳು ಏಣಿಯನ್ನು ಕಂಬಕ್ಕೆ ಒರಗಿಸಿ ಹತ್ತಿ ಹಗ್ಗ ಕೊಯ್ದಾಗ ಬ್ಯಾನರ್ ಅವನ ಕಾಲ ಬಳಿಯೇ ಬಿತ್ತು. ಸ್ಫೂರ್ತಿ ಕೆಳಗಿಳಿದು ಅದನ್ನು ದಾಟಿ, ಏಣಿಯನ್ನು ಹೆಗಲಿಗೇರಿಸಿ ಎದುರುಮನೆಗೆ ನಡೆದಳು.

"ನಾನೇನು ಕೇಳಿದ್ನೇನವ್ವಾ?" ಎಂದರು ಸುಂಕಲಮ್ಮ. ಬಾಗಿಲಿಂದ ಸರಿದು ದಾರಿ ಬಿಟ್ಟು, "ಟ್ಯಾಂಕ್ ತೊಳದ್ನಾ?" ಎಂದರು.

"ಇಲ್ರಿ."

ಅವರ ಹಿತ್ತಲ ಗೋಡೆಯ ಸುಣ್ಣದ ಮೇಲೆ, ಏಣಿಯ ತುದಿ ಉಜ್ಜಿ ಉಜ್ಜಿ ಎರಡು ಗುರುತು ಬಿದ್ದಿದ್ದವು. ಸ್ಫೂರ್ತಿ ಏಣಿಯನ್ನು ಅತ್ತಿತ್ತ ಸರಿಸಿ, ಆ ಗುರುತುಗಳಿಗೇ ಒರಗಿಸಿದಳು.