ಹೊಟ್ಟೆ ಉರಿ ಇದೆಯಾ?

ಸವೆದ ಕಾಲರನ್ನು ಅಂಗಿಯಿಂದ ಬಿಚ್ಚಿ, ಹಿಂದುಮುಂದಾಗಿ ತಿರುಗಿಸಿ ಮತ್ತೆ ಹೊಲಿಯುತ್ತಿದ್ದಾಗ ಸೂಜಿ ಚುಚ್ಚಿತು. ಹೊಲಿಗೆಯವಳಿಗೆ ಅದೇನೂ ಹೊಸದಲ್ಲ. ಬೆರಳು ಚೀಪಿಕೊಂಡು ಮತ್ತೆ ಕೆಲಸಕ್ಕೆ ಕೈ ಹಾಕಿದಳು. ಕಾಲರಿನ ಮೇಲೆ ಕೆಂಪು ಹನಿ ಬಿತ್ತು. ಬೆರಳಿಗೆ ಬಟ್ಟೆಯ ಚೂರು ಸುತ್ತಿದಳು, ಅದೂ ನೆನೆಯಿತು.

"ಅಯ್ಯೋ, ಬಿಳಿ ಅಂಗಿ! ಗಿರಾಕಿಗೆ ಏನು ಹೇಳ್ತೀಯ?" ಎನ್ನುತ್ತ ಮಗಳು ತಣ್ಣೀರು ತಂದಳು. ಕಲೆ ಹೋಯಿತು, ರಕ್ತ ಮಾತ್ರ ನಿಲ್ಲಲಿಲ್ಲ. ತಾಯಿಯ ಕೈಯನ್ನು ಮೇಲೆತ್ತಿ ಹಿಡಿದಾಗ ತೋಳಿನ ತುಂಬ ನೀಲಿಗಟ್ಟಿದ ಗುರುತುಗಳು ಕಂಡವು.

"ಇದೇನಮ್ಮ?"

"ಮೇಜಿನ ಮೂಲೆ ತಾಗಿತು."

"ಇದು?"

"ಅದೂ ಮೇಜೇ."

"ಮೇಜಿಗೂ ನಿನಗೂ ಏನು ಹಗೆ? ಏಳು, ಆಸ್ಪತ್ರೆಗೆ ನಡಿ."

ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಒಂದೂವರೆ ಲಕ್ಷದ ಮೇಲಿರಬೇಕಾದವು ಇಪ್ಪತ್ತು ಸಾವಿರಕ್ಕೆ ಇಳಿದಿದ್ದವು. ಡಾಕ್ಟರಮ್ಮ ನಿಧಾನದ ಹೆಂಗಸು. "ದೇಹವೇ ತನ್ನ ಕಣಗಳನ್ನ ಶತ್ರು ಅಂದ್ಕೊಂಡು ಕೊಲ್ತಾ ಇದೆ. ಯಾಕೆ ಅಂತ ಎಷ್ಟೋ ಸಲ ಗೊತ್ತಾಗಲ್ಲ," ಎಂದು, ಮಗಳನ್ನು ಔಷಧಿ ತರಲು ಕಳಿಸಿ, ಒಂದೊಂದೇ ಕೇಳುತ್ತ ಬರೆದುಕೊಂಡರು. ಜ್ವರ? ಇಲ್ಲ. ಕೀಲುನೋವು? ಇಲ್ಲ.

"ಹೊಟ್ಟೆ ಉರಿ ಇದೆಯಾ?"

ಹೊಲಿಗೆಯವಳ ಮುಖ ಬಿಗಿಯಿತು. "ಇಲ್ಲ," ಎಂದಳು. "ನನಗೆ ಯಾವತ್ತೂ ಇಲ್ಲ."

ಆ ಮಾತಿಗೆ ಹೌದೆನ್ನಲು ಅವಳ ನಾಲಿಗೆ ಏಳುವಂತಿರಲಿಲ್ಲ. ಅವಳೂ ಅವಳ ಅಕ್ಕನೂ ಒಂದೇ ತಟ್ಟೆಯಲ್ಲಿ ಉಂಡು, ಒಂದೇ ಮೆಷಿನ್ನಿನ ಮುಂದೆ ಸರದಿಯ ಮೇಲೆ ಕೂತು ಕಸುಬು ಕಲಿತವರು. ಆಮೇಲೆ ಅಕ್ಕ ಬೇರೆ ಊರಿನಲ್ಲಿ ಗಾಜಿನ ಬಾಗಿಲಿನ ದೊಡ್ಡ ಅಂಗಡಿ ತೆರೆದಳು. ಅಂಗಡಿ ತೆರೆದ ದಿನ ಅಲ್ಲಿಟ್ಟ ಸಿಹಿಯನ್ನು ತಂಗಿ ಮುಟ್ಟಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಮುಖ ಗಂಟಿಕ್ಕಿಕೊಂಡು ಮೂಲೆಯ ಕುರ್ಚಿಯಲ್ಲಿ ಕೂತಿದ್ದಳು. ಬಂದವರೆಲ್ಲರ ಎದುರಿಗೆ ಅಕ್ಕ, "ನಿನಗೆ ಹೊಟ್ಟೆ ಉರಿ ಕಣೇ! ನಾನು ಮುಂದೆ ಬಂದದ್ದು ನಿನ್ನ ಕೈಲಿ ನೋಡಕ್ಕಾಗ್ತಿಲ್ಲ," ಎಂದುಬಿಟ್ಟಳು. ಅವತ್ತಿನಿಂದ ಮಾತಿಲ್ಲ. ಫೋನ್ ಮಾಡಿದರೆ ದನಿ ಕೇಳಿದ ಕೂಡಲೇ ಅಕ್ಕ ಇಟ್ಟುಬಿಡುತ್ತಿದ್ದಳು. ತಂಗಿ ಒಂದು ಕಾಗದ ಬರೆಯಲು ಕೂತಳು. "ಅಕ್ಕ, ನನಗೆ ಹೊಟ್ಟೆ ಉರಿ ಇಲ್ಲ" ಎಂಬಲ್ಲಿಗೆ ಪೆನ್ನು ನಿಂತಿತು. ಆ ಹಾಳೆ ಈಗಲೂ ನೂಲಿನ ಡಬ್ಬಿಯ ತಳದಲ್ಲೇ ಇದೆ.

ಸ್ಟಿರಾಯ್ಡ್ ಮಾತ್ರೆ ನುಂಗಿದರೆ ಪ್ಲೇಟ್‌ಲೆಟ್ ಏರುತ್ತಿತ್ತು, ಕಡಿಮೆ ಮಾಡಿದರೆ ಜಾರುತ್ತಿತ್ತು. ಮುಖ ಊದಿಕೊಂಡಿತು. ಗಿರಾಕಿಗಳು "ಏನಮ್ಮ, ಚೆನ್ನಾಗಾಗಿದ್ದೀರಿ!" ಎಂದರು. ಚೆನ್ನಾಗಾದವಳಿಗೆ ಕತ್ತರಿ ಹಿಡಿಯಲೂ ಭಯ. ಕೊನೆಗೆ ಡಾಕ್ಟರಮ್ಮ, "ಎಡ ಪಕ್ಕೆಲುಬಿನ ಕೆಳಗೆ ಗುಲ್ಮ ಅಂತಿದೆ, ಸ್ಪ್ಲೀನ್ ಅಂತಾರಲ್ಲ. ಈ ಕಣಗಳು ಹೆಚ್ಚಾಗಿ ಸಾಯೋದು ಅಲ್ಲೇ. ಅದನ್ನ ತೆಗೀಬೇಕಾಗಬಹುದು," ಎಂದರು. ಈ ಸಲ ಮಗಳೂ ಪಕ್ಕದಲ್ಲಿದ್ದಳು.

"ಅದಕ್ಕೆ ಮುಂಚೆ ಇನ್ನೊಂದ್ಸಲ ಎಲ್ಲ ನೋಡ್ತೀನಿ," ಎಂದು ಡಾಕ್ಟರಮ್ಮ ಹಳೆಯ ಹಾಳೆ ತಿರುವಿದರು. "ಹೊಟ್ಟೆ ಉರಿ ಇಲ್ಲ ಅಂದ್ರಲ್ಲ?"

"ಇಲ್ಲ ಡಾಕ್ಟ್ರೇ. ಅವಳು ಇನ್ನೂ ನಾಲ್ಕು ಅಂಗಡಿ ತೆರೀಲಿ. ನನಗೇನು?"

"ಯಾರು?"

"ನಮ್ಮಕ್ಕ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಮಗಳು ತಾಯಿಯತ್ತ ತಿರುಗಿದಳು. "ಅಮ್ಮ! ಅವರು ಕೇಳ್ತಿರೋದು ಹೊಟ್ಟೇನ. ಡಾಕ್ಟ್ರೇ, ಇವರು ತಣ್ಣನೆ ಹಾಲು ಕುಡೀದೆ ಮಲಗಿದ್ದೇ ನಾನು ನೋಡಿಲ್ಲ. ಎದೆವರೆಗೂ ಉರಿ. ವರ್ಷಗಟ್ಟಲೆಯಿಂದ."

"ಅದು ಉರೀನಾ?" ಹೊಲಿಗೆಯವಳ ದನಿ ಇಳಿಯಿತು. "ಬಗ್ಗಿ ಕೂತು ಹೊಲಿಯೋದಕ್ಕೆ ಹಾಗಾಗುತ್ತೆ ಅಂದ್ಕೊಂಡಿದ್ದೆ."

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ಆದರೂ ಮೊದಲು ಹೇಳಿದ್ದು ಇಷ್ಟು: "ತಪ್ಪು ನಂದು. ನೀವು ಇಲ್ಲ ಅಂದ್ರೂ ಪರೀಕ್ಷೆ ಮಾಡಿಸಬೇಕಿತ್ತು." ಜಠರದಲ್ಲಿ ಮನೆ ಮಾಡಿಕೊಳ್ಳುವ ಒಂದು ಬ್ಯಾಕ್ಟೀರಿಯಾ ಇದೆಯಂತೆ. ಸಾಮಾನ್ಯವಾಗಿ ಚಿಕ್ಕಂದಿನಲ್ಲೇ, ಮನೆಯವರಿಂದಲೇ ಅಂಟುತ್ತದೆ. ಬಹಳ ಜನಕ್ಕೆ ಅದು ಇದ್ದದ್ದೂ ತಿಳಿಯುವುದಿಲ್ಲ.

"ಹೊಟ್ಟೇಲಿರೋ ಹುಳಕ್ಕೂ ನನ್ನ ರಕ್ತಕ್ಕೂ ಏನು ಸಂಬಂಧ?"

"ಇರಬಹುದು ಅಂತಷ್ಟೇ ಹೇಳಬಲ್ಲೆ. ಅದನ್ನ ಹೊಡೆಯೋಕೆ ದೇಹ ಆಯುಧ ಮಾಡ್ಕೊಳುತ್ತೆ. ಅದರ ಮೈಯ ಒಂದು ತುಣುಕು ಪ್ಲೇಟ್‌ಲೆಟ್ ಥರಾನೇ ಕಂಡ್ರೆ ಏಟು ಇದಕ್ಕೂ ಬೀಳುತ್ತೆ."

ಹೊಲಿಗೆಯವಳಿಗೆ ತನ್ನ ಮೇಜು ನೆನಪಾಯಿತು. "ಒಂದೇ ಬಣ್ಣದ ಎರಡು ಬಟ್ಟೆ ಮೇಜಿನ ಮೇಲಿದ್ರೆ ಕತ್ತರಿ ತಪ್ಪಿ ಇನ್ನೊಬ್ಬರ ಬಟ್ಟೆ ಮೇಲೆ ಹೋಗೋದುಂಟು."

"ಅದೇ. ಹುಳ ಹೋದ್ಮೇಲೆ ಕೆಲವರಿಗೆ ಪ್ಲೇಟ್‌ಲೆಟ್ ಏರುತ್ತೆ, ಕೆಲವರಿಗೆ ಏರಲ್ಲ. ಆಸೆ ಜಾಸ್ತಿ ಇಟ್ಕೋಬೇಡಿ."

ಉಸಿರು ಊದಿಸಿ ಪರೀಕ್ಷೆ ಮಾಡಿದರು. ಹುಳ ಇತ್ತು. ಹಿಡಿ ತುಂಬ ಮಾತ್ರೆ; ಬಾಯಿ ಕಹಿ, ಹೊಟ್ಟೆ ತೊಳಸು. "ಇದಕ್ಕಿಂತ ಉರೀನೇ ವಾಸಿಯಾಗಿತ್ತು," ಎಂದು ಗೊಣಗಿದರೂ ಒಂದು ಹೊತ್ತಿನದೂ ತಪ್ಪಿಸಲಿಲ್ಲ. ಉರಿ ಮೊದಲು ಹೋಯಿತು. ಪ್ಲೇಟ್‌ಲೆಟ್ ನಿಧಾನವಾಗಿ ಏರಿತು. ಸ್ಟಿರಾಯ್ಡ್ ನಿಲ್ಲಿಸಿದ ಮೇಲೂ ಜಾರಲಿಲ್ಲ.

"ಸದ್ಯಕ್ಕೆ ಆಪರೇಷನ್ ಬೇಡ. ಆಗಾಗ ಬಂದು ರಕ್ತ ತೋರಿಸ್ತಾ ಇರಿ," ಎಂದರು ಡಾಕ್ಟರಮ್ಮ. "ನಿಮ್ಮ ಜೊತೆ ಉಂಡು ಬೆಳೆದವರು ಯಾರಾದ್ರೂ ಇದ್ದಾರಾ? ಅವರಿಗೂ ಹೊಟ್ಟೆ ತೊಂದರೆ ಇದ್ರೆ ಪರೀಕ್ಷೆ ಮಾಡಿಸ್ಕೊಳ್ಳಲಿ."

ಅಕ್ಕನ ಮೆಷಿನ್ನಿನ ಪಕ್ಕ ಸದಾ ಇರುತ್ತಿದ್ದ ಬಿಸ್ಕತ್ತಿನ ಪೊಟ್ಟಣ ಹೊಲಿಗೆಯವಳಿಗೆ ನೆನಪಾಯಿತು. ಹೊಟ್ಟೆ ಖಾಲಿಯಾದರೆ ಸಂಕಟ ಅನ್ನುತ್ತಿದ್ದಳು ಅಕ್ಕ.

ಮನೆಗೆ ಬಂದು ನೂಲಿನ ಡಬ್ಬಿಯ ತಳದಿಂದ ಆ ಹಾಳೆ ತೆಗೆದಳು. "ಇಲ್ಲ" ಎಂಬುದನ್ನು ಹೊಡೆದುಹಾಕಿ, ಮೇಲೆ "ಇತ್ತು" ಎಂದು ಬರೆದಳು.

"ಹೊಸ ಹಾಳೆ ತಗೋಬಾರದಾ?" ಎಂದಳು ಮಗಳು.

"ಹೊಡೆದುಹಾಕಿದ್ದೂ ಅವಳಿಗೆ ಕಾಣಲಿ."

ಈ ಸಲ ಪೆನ್ನು ನಿಲ್ಲಲಿಲ್ಲ. "ಅಕ್ಕ, ನನಗೆ ಹೊಟ್ಟೆ ಉರಿ ಇತ್ತು. ನಿಜವಾದ್ದೇ, ಡಾಕ್ಟರಮ್ಮ ಪರೀಕ್ಷೆ ಮಾಡಿ ಹೇಳಿದ್ದಾರೆ. ನೀನಂದ ಉರಿಯೂ ಒಂದಿಷ್ಟು ಇತ್ತೇನೋ, ಅದಕ್ಕೆ ಪರೀಕ್ಷೆ ಇಲ್ಲವಂತೆ. ನಿನಗೂ ಹೊಟ್ಟೆ ಸಂಕಟ ಇತ್ತಲ್ಲ, ಒಂದೇ ತಟ್ಟೆಯವರು ನಾವು. ಬಿಸ್ಕತ್ತು ತಿಂದು ಸುಮ್ಮನಿರಬೇಡ, ತೋರಿಸಿಕೋ. ಡಾಕ್ಟರು ಹೊಟ್ಟೆ ಉರಿ ಇದೆಯಾ ಅಂತ ಕೇಳಿದರೆ ಸಿಟ್ಟು ಮಾಡಿಕೊಳ್ಳಬೇಡ."

ಲಕೋಟೆಗೆ ಹಾಕಿ ಅಂಟಿಸಿದಳು, ವಿಳಾಸ ಬರೆದಳು. ಚಪ್ಪಲಿ ಮೆಟ್ಟಿ ಬೀದಿಯ ಕೊನೆಯ ಟಪಾಲು ಡಬ್ಬದವರೆಗೆ ತಾನೇ ಹೋಗಿ ಒಳಗೆ ಹಾಕಿದಳು. ತಳಕ್ಕೆ ಬಿದ್ದ ಸದ್ದು ಕೇಳಿದ ಮೇಲೇ ತಿರುಗಿದಳು.