ಭಾನುಮತಿಯ ಇಂಗ್ಲಿಷ್

ಹದಿನೇಳಕ್ಕೇ ಗಂಡ ತೀರಿಕೊಂಡಾಗ, ತಲೆ ಬೋಳಿಸಬೇಕೆಂದು ಬಂದು ಕೂತ ಹಿರಿಯರನ್ನು ಭಾನುಮತಿ ಒಂದೇ ಮಾತಿನಲ್ಲಿ ವಾಪಸ್ಸು ಕಳಿಸಿದ್ದಳು. "ಯಾಕೆ?" ಅಂದಿದ್ದಳು, ಅಷ್ಟೇ. ಬಂದವರು ಒಬ್ಬೊಬ್ಬರಾಗಿ ಎದ್ದುಹೋಗಿದ್ದರು. ಅದನ್ನು ಕೇಳಿಯೇ ನನಗೆ ಅವಳ ಮೇಲೆ ಪ್ರೀತಿ ಹುಟ್ಟಿದ್ದು. ನಾನು ಹಳ್ಳಿಯ ಒಕ್ಕಲು ಮನೆಯಿಂದ ಬಂದು ಮೈಸೂರಿನಲ್ಲಿ ಪ್ರೈಮರಿ ಶಾಲೆಯ ಉಪಾಧ್ಯಾಯಿನಿಯಾದವಳು. ಅಗ್ರಹಾರದಲ್ಲಿ ಅವಳ ಅಣ್ಣ ಶಾಮಣ್ಣನವರ ಮನೆಯ ಎದುರಿಗೇ ನನ್ನ ಬಾಡಿಗೆ ಕೋಣೆ.

ಆ ಮನೆಯಲ್ಲಿ ಅವಳಿಗೆ ಊಟ ಬಟ್ಟೆಗೆ ಕೊರತೆಯಿರಲಿಲ್ಲ. ಆದರೆ ಬೆಳಗಿನ ಒಲೆಯಿಂದ ರಾತ್ರಿಯ ಪಾತ್ರೆಯವರೆಗೆ ಎಲ್ಲ ಅವಳ ತಲೆಗೇ; ಅತ್ತಿಗೆ ಸುಂದರಮ್ಮನವರಿಗೆ ಕೆಲಸದ ಹೊತ್ತಿಗೆ ಸರಿಯಾಗಿ ಸೊಂಟ ಹಿಡಿಯುತ್ತಿತ್ತು. ಎಸ್ಸೆಸ್ಸೆಲ್ಸಿ ಪಾಸು ಮಾಡು, ಟ್ರೈನಿಂಗ್ ಮುಗಿಸು, ನನ್ನ ಹಾಗೆ ಸ್ವಂತ ಸಂಬಳದಲ್ಲಿ ಬದುಕು ಅಂತ ಅವಳ ತಲೆಗೆ ತುಂಬಿದವಳು ನಾನೇ. ಶಾಮಣ್ಣನವರು ಪಾಸಾಗಲಿ, ಆಮೇಲೆ ನೋಡೋಣ ಅಂದು, ಆಫೀಸಿನಿಂದ ಬಂದ ಮೇಲೆ ತಾವೇ ಇಂಗ್ಲಿಷ್ ಹೇಳಿಕೊಡಲು ಕೂತರು. ತಂಗಿಯ ಮೇಲೆ ಅವರಿಗೆ ಅಕ್ಕರೆಯಿತ್ತು, ಇಲ್ಲ ಅಂದರೆ ಸುಳ್ಳಾಗುತ್ತದೆ.

ಲೆಕ್ಕ, ಸಂಸ್ಕೃತ ಅವಳಿಗೆ ನೀರು ಕುಡಿದ ಹಾಗೆ. ಬ್ರಿಟಿಷರು ಹೋಗಿ ವರ್ಷಗಳಾಗಿದ್ದರೂ ಅವರ ಭಾಷೆ ಹೊಸಿಲಲ್ಲೇ ಕಾವಲು ಕೂತಿತ್ತು. ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದಳು. ದಡ್ಡತನದಿಂದಲ್ಲ, ಕಾರಣ ಸಿಗದ್ದನ್ನು ಅವಳ ತಲೆ ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. ಆಕ್ಸ್ ಹಲವಾದರೆ ಆಕ್ಸನ್, ಬಾಕ್ಸ್ ಹಲವಾದರೆ ಬಾಕ್ಸಸ್, ಯಾಕೆ? ಟೀಚ್ ಹೋಗಿ ಟಾಟ್ ಆಗುವುದಾದರೆ ಪ್ರೀಚ್ ಯಾಕೆ ಪ್ರಾಟ್ ಆಗುವುದಿಲ್ಲ? ನೈಫ್ ಎಂದು ಬರೆಯುವಾಗ ಯಾರೂ ಓದದ ಕೆ ಅಕ್ಷರ ಮುಂದೆ ಯಾಕೆ ನಿಂತಿದೆ? ತಂದೆ ಕಲಿಸಿದ್ದ ಸಂಸ್ಕೃತದಲ್ಲಿ ಎಲ್ಲಕ್ಕೂ ಒಂದು ಸೂತ್ರವಿತ್ತು. ಇಲ್ಲಿ ಶಾಮಣ್ಣನವರ ಬಳಿ ಇದ್ದದ್ದು ಒಂದೇ ಉತ್ತರ, ಅದು ಹಾಗೇ.

ಎರಡನೆಯ ಸಲವೂ ಪೇಪರಿನಲ್ಲಿ ನಂಬರ್ ಕಾಣದ ದಿನ ಅವಳು ಹಿತ್ತಲ ಬಾವಿಕಟ್ಟೆಯ ಮೇಲೆ ಕೂತುಬಿಟ್ಟಿದ್ದಳು. ಎಲ್ಲಿ ಬಾವಿಗೆ ಬಿದ್ದುಬಿಡುತ್ತಾಳೋ ಎಂದು ನಾನು ಓಡಿದೆ. ಶಾಮಣ್ಣನವರು ನನಗಿಂತ ಮೊದಲೇ ಬಂದು ಅವಳ ಪಕ್ಕ ಕೂತಿದ್ದರು.

"ಯಾಕೆ ಅನ್ನೋದನ್ನ ಬಿಟ್ಬುಡು ಕಣಮ್ಮ. ಅದೊಂದು ಬಿಟ್ರೆ ಇಂಗ್ಲಿಷ್ ತಾನಾಗೇ ಬರುತ್ತೆ."

ಅವಳು ಬಿಟ್ಟಳು. ಹಟಕ್ಕೆ ಬಿದ್ದು ಬಿಟ್ಟಳು. ಒಗ್ಗರಣೆ ಹಾಕುತ್ತ, ಬಟ್ಟೆ ಒಗೆಯುತ್ತ ಬರೀ ಬಾಯಿಪಾಠ. ಯಾಕೆ ಎಂಬುದು ನಾಲಿಗೆಯ ತುದಿಗೆ ಬಂದರೆ ತುಟಿ ಕಚ್ಚಿಕೊಳ್ಳುತ್ತಿದ್ದಳು. ಬರಬರುತ್ತ ಬೇರೆ ಕಡೆಯೂ ಅದು ನಿಂತುಹೋಯಿತು. ಗೌರಿಹಬ್ಬದಲ್ಲಿ ಬಾಗಿನಕ್ಕೆ ಬಂದ ಮುತ್ತೈದೆಯರ ಎದುರಿಗೆ ಬರಬೇಡ ಎಂದು ಸುಂದರಮ್ಮನವರು ಹೇಳಿದಾಗ, ಪ್ರತಿ ವರ್ಷ ಜಗಳಕ್ಕೆ ನಿಲ್ಲುತ್ತಿದ್ದವಳು ಸದ್ದಿಲ್ಲದೆ ಒಳಗೆ ಹೋದಳು. ಅಂತೂ ಬುದ್ಧಿ ಬಂತು ಅಂದರು ಸುಂದರಮ್ಮನವರು.

ಮೂರನೆಯ ಸಲ ಪಾಸಾದಳು. ಬೀದಿಗೆಲ್ಲ ಸಕ್ಕರೆ ಹಂಚಿ, ಟ್ರೈನಿಂಗಿಗೆ ಸೇರಿಸುವ ಮಾತೆತ್ತಲು ಸಂಜೆ ಅವರ ಮನೆಗೆ ಹೋದೆ. ಶಾಮಣ್ಣನವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು.

"ನಮ್ಮನೇಲಿ ಹೆಂಗಸರು ಹೊರಗೆ ಹೋಗಿ ದುಡಿಯೋ ಪದ್ಧತಿ ಇಲ್ಲ ವಸಂತಮ್ಮನೋರೆ. ಪಾಸಾಯ್ತಲ್ಲ, ಸಾಕು."

ಭಾನು ಬಾಗಿಲಲ್ಲೇ ನಿಂತಿದ್ದಳು. ನಾನು ಅವಳ ಮುಖವನ್ನೇ ನೋಡಿದೆ. ಹಿರಿಯರನ್ನೆಲ್ಲ ಎಬ್ಬಿಸಿ ಕಳಿಸಿದ್ದ ಆ ಒಂದು ಮಾತಿಗೆ ಕಾದೆ. ಅವಳು ಬಗ್ಗಿ ಕಾಫಿ ಲೋಟಗಳನ್ನು ಎತ್ತಿಕೊಂಡು ಹಿತ್ತಲಿಗೆ ನಡೆದಳು. ಪಕ್ಕದ ಓಣಿಯಿಂದ ಸುತ್ತಿ ಹೋಗಿ ಬಾವಿಕಟ್ಟೆಯ ಹತ್ತಿರ ಅವಳ ಕೈ ಹಿಡಿದೆ.

"ಯಾಕೆ ಅಂತ ಒಂದ್ಸಲ ಕೇಳ್ಬುಡು ಭಾನು. ನಾನಿದ್ದೀನಿ."

ಅವಳು ಮೆಲ್ಲಗೆ ಕೈ ಬಿಡಿಸಿಕೊಂಡು ಲೋಟಕ್ಕೆ ಬೂದಿ ಹಚ್ಚತೊಡಗಿದಳು.

"ಅದು ಹಾಗೇ ಕಣ್ರೀ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವತ್ತು ನಾನು ಕೋಣೆಗೆ ಬಂದು ಅಷ್ಟು ಅಳುತ್ತಿರಲಿಲ್ಲ.